ಹಳೇ ಸ್ವಿಫ್ಟ್ ಪೆಟ್ರೋಲೋ, ಡೀಸೆಲ್ಲೋ? ಫಾರ್ವರ್ಡ್ ಮಾತುಗಳ ಪರಿಶೀಲನೆ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರ ಮೊಬೈಲ್‌ಗೆ ಸಲಹೆಗಳು ಒಂದರ ಹಿಂದೆ ಒಂದು ಬರುತ್ತವೆ. "ಡೀಸೆಲ್ ತಗೊಳ್ಳಿ, ಯಾವತ್ತಿದ್ದರೂ ಲಾಭ" ಎನ್ನುವುದು ಒಂದು. "ಡೀಸೆಲ್ ಮುಟ್ಟಲೇಬೇಡಿ, 10 ವರ್ಷ ಆದರೆ ಗುಜರಿಗೆ" ಎನ್ನುವುದು ಇನ್ನೊಂದು. "ಪೆಟ್ರೋಲ್ ಗಾಡಿಗೆ ಪವರ್ ಜಾಸ್ತಿ" ಎನ್ನುವುದು ಮತ್ತೊಂದು. ಒಂದೇ ಗ್ರೂಪ್‌ನಲ್ಲಿ ಒಂದೇ ದಿನ ಈ ಮೂರೂ ಬಂದರೆ ಓದುವವರು ಯಾವುದನ್ನು ನಂಬಬೇಕು?

ಇವನ್ನು ಪರಿಶೀಲಿಸಲು ನಾವು ಒಂದು ಜೋಡಿ ಕಾರುಗಳನ್ನು ಆರಿಸಿಕೊಂಡಿದ್ದೇವೆ. ಎರಡೂ 2015ರ ಮಾರುತಿ ಸ್ವಿಫ್ಟ್, ಒಂದು ಪೆಟ್ರೋಲ್, ಒಂದು ಡೀಸೆಲ್. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ರಸ್ತೆಗಳಲ್ಲಿ ಈ ಕಾರು ಕಾಣದ ದಿನವಿಲ್ಲ. ಹೊರಮೈ ಒಂದೇ ಆಗಿದ್ದು ಇಂಜಿನ್ ಮಾತ್ರ ಬೇರೆಯಾದ್ದರಿಂದ ಹೋಲಿಕೆಯೂ ಸುಲಭ. ಬೇರೆ ಕಂಪನಿಯ ಪೆಟ್ರೋಲ್–ಡೀಸೆಲ್ ಜೋಡಿಗೂ ಇದೇ ಲೆಕ್ಕವನ್ನು ಅಂಕಿ ಬದಲಿಸಿ ಹಾಕಬಹುದು.

ಕಂಪನಿ ಕೊಟ್ಟ ಅಂಕಿಗಳು

2014ರ ಅಕ್ಟೋಬರ್‌ನಲ್ಲಿ ಸ್ವಿಫ್ಟ್‌ನ ಎರಡನೇ ತಲೆಮಾರಿಗೆ ಸಣ್ಣಪುಟ್ಟ ಬದಲಾವಣೆ ಮಾಡಿ ಮತ್ತೆ ಮಾರುಕಟ್ಟೆಗೆ ಬಿಟ್ಟರು. 2015ರ ಕಾರು ಎಂದರೆ ಇದೇ. ಎರಡರ ಉದ್ದವೂ 3850 ಮಿ.ಮೀ., ನೆಲದಿಂದ ಎತ್ತರ 170 ಮಿ.ಮೀ., ಟ್ಯಾಂಕ್ 42 ಲೀಟರ್. ಡಿಕ್ಕಿ ಎರಡರಲ್ಲೂ ಚಿಕ್ಕದು. ನಾಲ್ಕು ಜನ ಮದುವೆಗೆ ಹೊರಟರೆ ಬ್ಯಾಗುಗಳು ತೊಡೆಯ ಮೇಲೆ.

ಪೆಟ್ರೋಲ್ ಇಂಜಿನ್ 1197 ಸಿಸಿ. ಗರಿಷ್ಠ ಶಕ್ತಿ ಸುಮಾರು 84 ಪಿಎಸ್, ಅದು ಸಿಗುವುದು 6000 ಆರ್‌ಪಿಎಂನಲ್ಲಿ. ಟಾರ್ಕ್ 115 ನ್ಯೂಟನ್ ಮೀಟರ್, 4000 ಆರ್‌ಪಿಎಂನಲ್ಲಿ. ಡೀಸೆಲ್ ಇಂಜಿನ್ 1248 ಸಿಸಿ. ಶಕ್ತಿ 75 ಪಿಎಸ್, 4000 ಆರ್‌ಪಿಎಂನಲ್ಲಿ. ಟಾರ್ಕ್ 190 ನ್ಯೂಟನ್ ಮೀಟರ್, 2000 ಆರ್‌ಪಿಎಂನಲ್ಲಿ. ಈ ಡೀಸೆಲ್ ಇಂಜಿನ್‌ನ ಮೂಲ ಫಿಯೆಟ್ ಕಂಪನಿಯದು. ಮಾರುತಿ, ಟಾಟಾ, ಷೆವರ್ಲೆ ಎಲ್ಲರೂ ಬಳಸಿದ್ದರಿಂದ ಇದನ್ನು ತಮಾಷೆಗೆ 'ರಾಷ್ಟ್ರೀಯ ಡೀಸೆಲ್ ಇಂಜಿನ್' ಎಂದೇ ಕರೆಯುತ್ತಿದ್ದರು. ಅದರಿಂದ ಕೊಳ್ಳುವವರಿಗೆ ಒಂದು ಅನುಕೂಲವಿದೆ: ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗಳು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹಾಗಾಗಿ ಡೀಸೆಲ್ ಸ್ವಿಫ್ಟ್ ಬೇಕೆಂದರೆ ಈಗ ಸೆಕೆಂಡ್ ಹ್ಯಾಂಡ್ ಒಂದೇ ದಾರಿ.

"ಪೆಟ್ರೋಲ್‌ಗೆ ಪವರ್ ಜಾಸ್ತಿ, ಪಿಕಪ್ ಜಾಸ್ತಿ"

ಮೊದಲರ್ಧ ನಿಜ, 84 ಎನ್ನುವುದು 75ಕ್ಕಿಂತ ಹೆಚ್ಚೇ. ಎರಡನೆಯ ಅರ್ಧ ಮಾತ್ರ ಅಷ್ಟು ಸರಳವಲ್ಲ.

ಟಾರ್ಕ್ ಎಂದರೆ ಇಂಜಿನ್ ಚಕ್ರವನ್ನು ತಿರುಗಿಸಲು ಹಾಕುವ ಬಲ. ಆ ಬಲವನ್ನು ಎಷ್ಟು ವೇಗವಾಗಿ ಹಾಕುತ್ತದೆ ಎನ್ನುವುದು ಸೇರಿದರೆ ಪವರ್. ಅಂದರೆ ಟಾರ್ಕ್ ಮತ್ತು ಆರ್‌ಪಿಎಂ ಗೊತ್ತಿದ್ದರೆ ಆ ಕ್ಷಣದ ಪವರ್ ಎಷ್ಟು ಎಂದು ಲೆಕ್ಕ ಹಾಕಬಹುದು. ಹಾಕಿ ನೋಡಿದೆವು. 2000 ಆರ್‌ಪಿಎಂನಲ್ಲಿ ಡೀಸೆಲ್ ಸ್ವಿಫ್ಟ್ ಕೊಡುವುದು ಸುಮಾರು 54 ಪಿಎಸ್. ಅದೇ 2000 ಆರ್‌ಪಿಎಂನಲ್ಲಿ ಪೆಟ್ರೋಲ್ ಇಂಜಿನ್ ತನ್ನ ಗರಿಷ್ಠ ಟಾರ್ಕ್ ಪೂರ್ತಿ ಕೊಟ್ಟಿತು ಎಂದೇ ಹಿಡಿದರೂ 33 ಪಿಎಸ್ ದಾಟುವುದಿಲ್ಲ. ಊರೊಳಗೆ, ಹಳ್ಳಿ ರಸ್ತೆಯಲ್ಲಿ ನಾವು ಓಡಿಸುವುದು ಹೆಚ್ಚಾಗಿ ಇದೇ 2000ದ ಆಸುಪಾಸಿನಲ್ಲಿ. 6000ದವರೆಗೆ ಎಳೆದು ಓಡಿಸುವವರು ಎಷ್ಟು ಜನ?

ಜಿಲ್ಲೆಯ ಎತ್ತರವೂ ಇದರಲ್ಲಿ ಸೇರಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1478 ಮೀಟರ್. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ: ಚಿಕ್ಕಬಳ್ಳಾಪುರದಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 10, ನಂದಿಯ ತುದಿಯಲ್ಲಿ ಸುಮಾರು ಶೇ 16 ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಸಿಕ್ಕ ಗಾಳಿಯನ್ನಷ್ಟೇ ಎಳೆದುಕೊಳ್ಳುತ್ತದೆ. ಗಾಳಿ ತೆಳುವಾದಂತೆ ಅದರ ಶಕ್ತಿಯೂ ಇಳಿಯುತ್ತದೆ. ಡೀಸೆಲ್ ಸ್ವಿಫ್ಟ್‌ನಲ್ಲಿ ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟದ ಬಹುಪಾಲು ತುಂಬಿಕೊಳ್ಳುತ್ತದೆ. ಐದು ಜನ ತುಂಬಿಕೊಂಡು ಎ.ಸಿ. ಹಾಕಿ ನಂದಿ ಬೆಟ್ಟದ ತಿರುವು ಹತ್ತುವಾಗ ಪೆಟ್ರೋಲ್ ಗಾಡಿ ಎರಡನೇ ಗೇರ್ ಕೇಳುವುದು ಇದಕ್ಕೇ. ಅದು ಕಾರಿನ ದೋಷ ಅಲ್ಲ. ಗೇರ್ ಇಳಿಸಿ 4000ಕ್ಕೆ ತಂದರೆ ಅದೂ ಆರಾಮಾಗಿ ಹತ್ತುತ್ತದೆ.

ಡೀಸೆಲ್‌ಗೂ ಒಂದು ಕೊರತೆಯಿದೆ. 75 ಪಿಎಸ್‌ನ ಈ ಇಂಜಿನ್‌ನಲ್ಲಿ ಟರ್ಬೊ ಸರಳವಾದದ್ದು. ಆರ್‌ಪಿಎಂ 2000ದ ಹತ್ತಿರ ಬರುವವರೆಗೆ ಅದು ಎಚ್ಚರಗೊಳ್ಳುವುದಿಲ್ಲ. ಹೆಬ್ಬಾಳದ ಟ್ರಾಫಿಕ್‌ನಲ್ಲಿ, ವಾರದ ಸಂತೆ ದಿನದ ರಸ್ತೆಯಲ್ಲಿ ತೆವಳುವಾಗ ಇದು ಕಿರಿಕಿರಿ: ಕ್ಲಚ್, ಗೇರ್, ಮತ್ತೆ ಕ್ಲಚ್. ಜೊತೆಗೆ ಡೀಸೆಲ್ ಕಾರು ಸುಮಾರು 100 ಕೆ.ಜಿ. ಹೆಚ್ಚು ತೂಗುತ್ತದೆ, ಆ ತೂಕವೆಲ್ಲ ಮೂತಿಯ ಕಡೆ. ಮುಂದಿನ ಸಸ್ಪೆನ್ಷನ್ ಬುಷ್‌ಗಳು ಇದರಲ್ಲಿ ಬೇಗ ಸವೆಯುತ್ತವೆ. ಟೆಸ್ಟ್ ಡ್ರೈವ್‌ಗೆ ನೀವೇ ಒಂದು ಏರು ರಸ್ತೆ ಆರಿಸಿಕೊಳ್ಳಿ. ಮಾರುವವರು ತೋರಿಸುವ ಹೈವೇ ಸಮತಟ್ಟು, ಅಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತವೆ.

"ಡೀಸೆಲ್ ಯಾವತ್ತಿದ್ದರೂ ಲಾಭ"

ಇದು ಅತಿ ಹೆಚ್ಚು ಹರಿದಾಡುವ ಮಾತು, ಅತಿ ಹೆಚ್ಚು ಹಣ ಕಳೆಯುವ ಮಾತೂ ಹೌದು.

ಎಆರ್‌ಎಐ ಪರೀಕ್ಷೆಯ ಪ್ರಕಾರ ಪೆಟ್ರೋಲ್ ಸ್ವಿಫ್ಟ್‌ನ ಮೈಲೇಜ್ ಲೀಟರ್‌ಗೆ 20.4 ಕಿ.ಮೀ., ಡೀಸೆಲ್‌ನದು 25.2. ಇದು ಹೊಸ ಕಾರನ್ನು ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ ಅಳೆದದ್ದು. ಹತ್ತು ವರ್ಷದ ಕಾರು, ಹಂಪುಗಳು, ಎ.ಸಿ. ಎಲ್ಲ ಸೇರಿದರೆ ಅಷ್ಟು ಬರುವುದಿಲ್ಲ. ಲೆಕ್ಕಕ್ಕೆ ಪೆಟ್ರೋಲ್‌ಗೆ 15, ಡೀಸೆಲ್‌ಗೆ 19 ಎಂದು ಹಿಡಿಯೋಣ. ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ, ಡೀಸೆಲ್ 91 ಎಂದುಕೊಳ್ಳೋಣ. ಆಗ ಪೆಟ್ರೋಲ್ ಕಾರಿಗೆ ಕಿಲೋಮೀಟರ್‌ಗೆ 6 ರೂಪಾಯಿ 87 ಪೈಸೆ, ಡೀಸೆಲ್‌ಗೆ 4 ರೂಪಾಯಿ 79 ಪೈಸೆ. ಪ್ರತಿ ಕಿಲೋಮೀಟರ್‌ಗೆ ಉಳಿತಾಯ ಸುಮಾರು 2 ರೂಪಾಯಿ 8 ಪೈಸೆ.

ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಆದರೆ ಡೀಸೆಲ್ ಕಾರಿಗೆ ನೀವು ಮೊದಲೇ ಹೆಚ್ಚು ಕೊಟ್ಟಿರುತ್ತೀರಿ. ಆ ವ್ಯತ್ಯಾಸ 60,000 ರೂಪಾಯಿ ಎಂದಿಟ್ಟುಕೊಂಡರೆ, ಅದು ವಾಪಸ್ ಬರಲು ಸುಮಾರು 28,900 ಕಿ.ಮೀ. ಓಡಿಸಬೇಕು. ಇನ್ನು ಎಷ್ಟು ತಿಂಗಳು ಎನ್ನುವುದು ನೀವು ಯಾರು, ಎಲ್ಲಿ ಓಡಾಡುತ್ತೀರಿ ಎನ್ನುವುದರ ಮೇಲೆ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ಹೋಗಿ ಬರುವವರಿಗೆ ತಿಂಗಳಿಗೆ 25 ದಿನಕ್ಕೆ ಸುಮಾರು 2,900 ಕಿ.ಮೀ. ಆಗುತ್ತದೆ. ಹತ್ತೇ ತಿಂಗಳಲ್ಲಿ ಹೆಚ್ಚು ಕೊಟ್ಟ ಹಣ ವಾಪಸ್. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ದಿನಾ ಕೆಲಸಕ್ಕೆ ಬರುವವರಿಗೆ ತಿಂಗಳಿಗೆ ಸುಮಾರು 750 ಕಿ.ಮೀ., ಮೂರು ವರ್ಷದ ಮೇಲೆ ಬೇಕು. ಚಿಂತಾಮಣಿಯಲ್ಲಿ ಮನೆ, ಅಲ್ಲೇ ಅಂಗಡಿ, ಭಾನುವಾರ ಕೈವಾರ, ಹಬ್ಬಕ್ಕೆ ಅತ್ತೆ ಮನೆ ಎನ್ನುವವರಿಗೆ ತಿಂಗಳಿಗೆ 400 ಕಿ.ಮೀ. ಆದರೆ ಹೆಚ್ಚು, ಅವರಿಗೆ ಆರು ವರ್ಷ. ನಡುವೆ ಟರ್ಬೊ ಅಥವಾ ಇಂಜೆಕ್ಟರ್ ಕೆಲಸಕ್ಕೆ ಇನ್ನೊಂದು 40,000 ಬಂತು ಎಂದುಕೊಳ್ಳಿ. ಬೆಂಗಳೂರಿಗೆ ಓಡಾಡುವವರಿಗೆ ಆಗಲೂ 17 ತಿಂಗಳು ಸಾಕು. ಚಿಂತಾಮಣಿಯ ಅಂಗಡಿಯವರಿಗೆ 10 ವರ್ಷ. 2015ರ ಕಾರಿನ ಆರ್‌ಸಿ ಅವಧಿಯೇ 2030ಕ್ಕೆ ಮುಗಿಯುತ್ತದೆ!

ಇಲ್ಲಿ ನಾವು ಹಿಡಿದ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬಂಕ್ ದರ, ನಿಮ್ಮ ಎದುರಿಗಿರುವ ಎರಡು ಕಾರುಗಳ ಬೆಲೆ ಹಾಕಿ ನೀವೇ ಮಾಡಿ ನೋಡಿ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಎರಡು ನಿಮಿಷದ ಕೆಲಸ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸದವರು ಹಳೇ ಡೀಸೆಲ್ ಕಾರಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಪೆಟ್ರೋಲ್ ಕಾರು ನೋಡುವವರು ಎಥೆನಾಲ್ ವಿಷಯವನ್ನೂ ತಿಳಿದಿರಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಇ-20 ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. "ಇ-20 ಹಾಕಿದರೆ ಇಂಜಿನ್ ಸೀಜ್ ಆಗುತ್ತೆ" ಎಂಬ ಸಂದೇಶ ಮಾತ್ರ ಉತ್ಪ್ರೇಕ್ಷೆ. ಹಳೇ ಕಾರಿನಲ್ಲಿ ನೋಡಬೇಕಾದದ್ದು ಪೆಟ್ರೋಲ್ ಹರಿಯುವ ರಬ್ಬರ್ ಪೈಪ್ ಮತ್ತು ಗ್ಯಾಸ್ಕೆಟ್‌ಗಳನ್ನು. ಬಿರುಕು ಬಿಟ್ಟಿದ್ದರೆ ಬದಲಿಸಿಕೊಳ್ಳಿ.

ಬೋರ್‌ವೆಲ್ ನೀರು ಮತ್ತು ರೇಡಿಯೇಟರ್

ಇದರ ಬಗ್ಗೆ ಫಾರ್ವರ್ಡ್ ಬರುವುದೇ ಇಲ್ಲ. ಆದರೆ ಈ ಜಿಲ್ಲೆಯಲ್ಲಿ ಹಳೇ ಕಾರು ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಮಗನ್ನಿಸುತ್ತದೆ.

ನಂದಿಯ ಗಿರಿಸಾಲಿನಲ್ಲಿ ಪಾಲಾರ್, ಪಿನಾಕಿನಿ, ಅರ್ಕಾವತಿ, ಚಿತ್ರಾವತಿಯಂಥ ನದಿಗಳು ಹುಟ್ಟಿದರೂ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಬದುಕು ನಡೆಯುವುದು ಸಾವಿರ ಅಡಿಗೂ ಕೆಳಗಿಳಿದ ಕೊಳವೆಬಾವಿಗಳ ಮೇಲೆ. ಆ ನೀರು ಗಡಸು. ಪಾತ್ರೆಯ ತಳದಲ್ಲಿ, ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಯಾದಾಗ ಹೊರಬಂದು ಹೀಗೆ ಅಂಟಿಕೊಳ್ಳುತ್ತವೆ.

ಕೂಲೆಂಟ್ ಕಡಿಮೆಯಾದಾಗ ಬಾಟಲಿಯಲ್ಲಿದ್ದ ಇದೇ ನೀರನ್ನು ರೇಡಿಯೇಟರ್‌ಗೆ ಸುರಿದರೆ ಅದರ ಸಣ್ಣ ಕೊಳವೆಗಳೊಳಗೂ ಅದೇ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗದು. ಏಪ್ರಿಲ್ ಬಿಸಿಲಿನಲ್ಲಿ ಬೆಟ್ಟ ಹತ್ತುವಾಗ ಸೂಜಿ ಮೇಲೇರುತ್ತದೆ. ಎರಡೂ ಸ್ವಿಫ್ಟ್‌ಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಅತಿಯಾಗಿ ಬಿಸಿಯಾದರೆ ಅದು ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹತ್ತಾರು ಸಾವಿರದ ಕೆಲಸ ಬೀಳುತ್ತದೆ.

ನೋಡುವುದು ಹೇಗೆ? ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಒಳಗಿನ ಒತ್ತಡಕ್ಕೆ ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ. ಒಳಗೆ ಹಸಿರು, ನೀಲಿ ಅಥವಾ ಕೆಂಪು ಬಣ್ಣದ ತಿಳಿಯಾದ ದ್ರವವಿದ್ದರೆ ಒಳ್ಳೆಯದು. ತುಕ್ಕು ಬಣ್ಣದ ರಾಡಿ ನೀರು, ಮುಚ್ಚಳದ ಸುತ್ತ ಬಿಳಿ ಪುಡಿ ಕಂಡರೆ ಎಚ್ಚರ. ಆಮೇಲೆ ಇಂಜಿನ್ ಆಯಿಲ್ ಮುಚ್ಚಳ ತೆಗೆದು ಅದರ ಒಳಮೈ ನೋಡಿ. ಹಾಲು ಬೆರೆಸಿದ ಕಾಫಿಯಂಥ ಜಿಡ್ಡು ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರುವ ಶಂಕೆ. ಮೆಕ್ಯಾನಿಕ್ ತೋರಿಸದೆ ಅಡ್ವಾನ್ಸ್ ಕೊಡಬೇಡಿ.

"ಬೆಳಿಗ್ಗೆಯೇ ಸ್ಟಾರ್ಟ್ ಮಾಡಿಟ್ಟಿದ್ದೀನಿ ಸಾರ್, ಬನ್ನಿ" ಎನ್ನುವ ಬ್ರೋಕರ್‌ಗೆ "ಆಫ್ ಮಾಡಿಡಿ, ಸಂಜೆ ಬರ್ತೀವಿ" ಎನ್ನಿ. ಹಳೇ ಇಂಜಿನ್ನಿನ ಗುಟ್ಟು ತಣ್ಣಗಿದ್ದಾಗಿನ ಮೊದಲ ಸ್ಟಾರ್ಟ್‌ನಲ್ಲಿ ಹೊರಬೀಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಡೀಸೆಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಟರ್ಬೊ ಕಡೆ ನೋಡಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು.

ಏರ್‌ಬ್ಯಾಗ್ ಇದೆಯೇ?

ಇಲ್ಲಿ ಪೆಟ್ರೋಲ್, ಡೀಸೆಲ್ ಎಂಬ ಭೇದವಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್ ಅನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ದೊಡ್ಡವರ ರಕ್ಷಣೆಗೆ ಸಿಕ್ಕ ಸ್ಟಾರ್ ಸೊನ್ನೆ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಹಾಗಾಗಿ 2015ರ ಕಾರಿನಲ್ಲಿ ಅದು ಇರಲೇಬೇಕೆಂದಿಲ್ಲ. ಆ ಕಾಲದಲ್ಲಿ ಮೇಲಿನ ದರ್ಜೆಯ ಝಡ್‌ಎಕ್ಸ್‌ಐ, ಝಡ್‌ಡಿಐ ಕಾರುಗಳಲ್ಲಿ ಏರ್‌ಬ್ಯಾಗ್ ಬರುತ್ತಿತ್ತು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ದಿನಾ ಓಡಾಡುವವರು ಎರಡು ಕಾರುಗಳ ನಡುವೆ ಆರಿಸುವಾಗ ಮೈಲೇಜ್‌ಗಿಂತ ಇದಕ್ಕೆ ಹೆಚ್ಚು ತೂಕ ಕೊಡಬೇಕು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಕ್ಷಣದಲ್ಲಿ ಆರಬೇಕು. ಹತ್ತದೇ ಹೋದರೂ ಆರದೇ ಉಳಿದರೂ ತೊಂದರೆಯಿದೆ.

"10 ವರ್ಷ ಆದ ಡೀಸೆಲ್ ಗುಜರಿಗೆ"

ಕರ್ನಾಟಕದ ಮಟ್ಟಿಗೆ ಇದು ಸುಳ್ಳು. 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ದೆಹಲಿ ರಾಜಧಾನಿ ಪ್ರದೇಶಕ್ಕೆ ಮಾತ್ರ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು, ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ. ನವೀಕರಣದ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ. ರಾಜ್ಯದ ಹಸಿರು ತೆರಿಗೆ ಬೇರೆ.

"ಬಿಎಸ್-4 ಕಾರು ಮಾರುವ ಹಾಗಿಲ್ಲ" ಎಂಬುದೂ ಇದೇ ಜಾತಿಯ ಮಾತು. 2020ರ ಏಪ್ರಿಲ್ 1ರ ಗಡುವು ಹೊಸ ವಾಹನಗಳ ಮಾರಾಟ ಮತ್ತು ನೋಂದಣಿಗೆ ಸಂಬಂಧಿಸಿದ್ದು. ಆಗಲೇ ನೋಂದಣಿಯಾದ ಕಾರನ್ನು ಕೈ ಬದಲಾಯಿಸಲು ಅಡ್ಡಿಯಿಲ್ಲ.

ನಂಬರ್ ಪ್ಲೇಟ್ ಮತ್ತು ಕಾಗದ

ಗೌರಿಬಿದನೂರಿನಿಂದ ಹಿಂದೂಪುರ ಪಕ್ಕದಲ್ಲೇ, ಚಿಂತಾಮಣಿಯಿಂದ ಮದನಪಲ್ಲಿಯೂ ದೂರವಿಲ್ಲ. ಹಾಗಾಗಿ ಇಲ್ಲಿ ಕೆಎ 40, ಕೆಎ 67 ಕಾರುಗಳ ಜೊತೆ ಆಂಧ್ರದ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಬೆಲೆ ಕಡಿಮೆ ಎಂದು ಹಿಗ್ಗುವ ಮುನ್ನ ಲೆಕ್ಕ ಪೂರ್ತಿ ಮಾಡಿ. ಆ ರಾಜ್ಯದ ಆರ್‌ಟಿಒದಿಂದ ಫಾರಂ 28ರ ಮೂಲಕ ಎನ್‌ಒಸಿ ತರಬೇಕು, ಇಲ್ಲಿ ಕಾರಿನ ವಯಸ್ಸು ಮತ್ತು ಬೆಲೆಗೆ ತಕ್ಕಂತೆ ಜೀವಿತಾವಧಿ ತೆರಿಗೆ ಕಟ್ಟಿ ಕೆಎ ನಂಬರ್ ಪಡೆಯಬೇಕು. ಇದೆಲ್ಲ ಸೇರಿಸಿದ ಮೇಲೂ ಅಗ್ಗವಾಗಿದ್ದರೆ ಸರಿ.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ವಿಮೆ ಇದೆಯೇ, ಬ್ಯಾಂಕ್ ಸಾಲದ ನಮೂದು ಇದೆಯೇ ಎಂಬುದು ಕಾಣುತ್ತದೆ. ಸಾಲ ತೀರಿದ್ದರೂ ನಮೂದು ತೆಗೆಸದೇ ಇರುವವರು ಬಹಳ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಚಾಸಿ ನಂಬರ್, ಇಂಜಿನ್ ನಂಬರ್‌ಗಳನ್ನು ಆರ್‌ಸಿ ಜೊತೆ ಹೋಲಿಸಿ ನೋಡಿ.

ಓಡೋಮೀಟರ್ ನಂಬುವುದು ಕಷ್ಟ, ಅದನ್ನು ಹಿಂದಕ್ಕೆ ತಿರುಗಿಸುವುದು ಸುಲಭ. ಮೀಟರ್ 45,000 ತೋರಿಸುತ್ತಿದ್ದು ಬ್ರೇಕ್ ಪೆಡಲ್‌ನ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಸವೆದು ಹೊಳೆಯುತ್ತಿದ್ದರೆ ಪ್ರಶ್ನೆ ಕೇಳಿ. ಕಂಪನಿ ಸರ್ವಿಸ್ ಸೆಂಟರ್‌ನ ಹಳೇ ಬಿಲ್‌ಗಳಲ್ಲಿ ಆಯಾ ದಿನದ ಕಿಲೋಮೀಟರ್ ಬರೆದಿರುತ್ತದೆ, ಅವನ್ನು ಕೇಳಿ ಪಡೆಯಿರಿ. ದಿನಾ ಬೆಂಗಳೂರಿಗೆ ಓಡಾಡಿದ ಡೀಸೆಲ್ ಕಾರು ಒಂದೂವರೆ ಲಕ್ಷ ದಾಟಿದ್ದರೆ ಅದೇನೂ ಅವಮಾನವಲ್ಲ. ಸರಿಯಾಗಿ ಸರ್ವಿಸ್ ಆದ ಅಂಥ ಕಾರು, ಲೆಕ್ಕವೇ ಇಲ್ಲದ 50 ಸಾವಿರದ ಕಾರಿಗಿಂತ ಮೇಲು.

ಕೊನೆಯದಾಗಿ "ಆರ್‌ಸಿ ಆಮೇಲೆ ಮಾಡಿಸಿಕೊಂಡರಾಯ್ತು" ಎಂಬ ಮಾತು. ಇದು ಕೊಳ್ಳುವವರಿಗಿಂತ ಮಾರುವವರಿಗೆ ಹೆಚ್ಚು ಅಪಾಯ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾರು ಹಲವು ಕೈ ಬದಲಾಗಿತ್ತು, ಆರ್‌ಸಿಯಲ್ಲಿ ಮೊದಲನೆಯವರ ಹೆಸರೇ ಉಳಿದಿತ್ತು, ಅಪಘಾತದಲ್ಲಿ ಒಂದು ಮಗು ಸತ್ತಿತ್ತು, ವಿಮೆ ಇರಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಮಾರಿ ವರ್ಷಗಳೇ ಕಳೆದಿದ್ದವು ಎಂಬ ವಾದ ಉಪಯೋಗಕ್ಕೆ ಬರಲಿಲ್ಲ.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಫಾರಂ 29 ಮತ್ತು 30 ಇವೆ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಬ್ರೋಕರ್ ಇಟ್ಟುಕೊಳ್ಳುವ ಪದ್ಧತಿಗೆ ಒಪ್ಪಬೇಡಿ. ಕೊಳ್ಳುವವರ ಹೆಸರು, ದಿನಾಂಕ, ಗಾಡಿ ಕೊಟ್ಟ ಗಂಟೆಯನ್ನೂ ಬರೆದು ಎರಡು ಪ್ರತಿ ಮಾಡಿ, ಇಬ್ಬರೂ ಒಂದೊಂದು ಇಟ್ಟುಕೊಳ್ಳಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಹಾಗಾಗಿ ಪ್ರೀಮಿಯಂ ಸ್ವಲ್ಪ ಏರುತ್ತದೆ. ಆ ಮೊತ್ತವನ್ನೂ ಕಾರಿನ ಬೆಲೆಗೆ ಈಗಲೇ ಸೇರಿಸಿಕೊಳ್ಳಿ.